ಸರಿಯಾಗಿ ಹಾಡಿದರೂ ಅಂಕ ಬರುತ್ತಿಲ್ಲವೇ? ಹಾಡುವ ಗೇಮ್‌ಗಳಲ್ಲಿ ದೋಷ ಹುಡುಕುವ ಬಗೆ

ಹಾಡು ಬಾಯಿಪಾಠ ಇದೆ. ಶ್ರುತಿ ಸರಿ ಇದೆ ಅಂತ ಪಕ್ಕದಲ್ಲಿ ಕೂತವರೂ ಹೇಳುತ್ತಾರೆ. ಆದರೂ ಪರದೆಯ ಮೇಲೆ ಅಂಕ ಏರುವುದಿಲ್ಲ. ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಅನುಮಾನ ಪಡುವುದು ತಮ್ಮ ಗಂಟಲನ್ನೇ. ನಾಲ್ಕಾರು ಹಾಡು ಹಾಡಿ, 'ನನಗೆ ಇದು ಆಗಿಬರಲ್ಲ' ಅಂತ ಮೈಕ್ ಕೆಳಗಿಡುತ್ತಾರೆ. ನನಗೆ ಇದು ತುಂಬ ಬೇಸರದ ಸಂಗತಿ. ಯಾಕೆಂದರೆ ಎಷ್ಟೋ ಸಲ ಗಂಟಲು ಸರಿಯಾಗಿಯೇ ಇರುತ್ತದೆ. ತಪ್ಪು ಮೈಕ್‌ನಲ್ಲಿರುತ್ತದೆ, ಸ್ಪೀಕರಿನಲ್ಲಿರುತ್ತದೆ, ಕಂಪ್ಯೂಟರಿನ ಯಾವುದೋ ಸೆಟ್ಟಿಂಗ್‌ನಲ್ಲಿರುತ್ತದೆ, ಇಲ್ಲವೇ ಹಾಡಿನ ಫೈಲಿನಲ್ಲೇ ಇರುತ್ತದೆ.

ಇವನ್ನು ಒಂದೊಂದಾಗಿ ಬಿಡಿಸಿ ನೋಡಬಹುದು. ಅದಕ್ಕೆ ಕೊನೆಯಲ್ಲಿ ಬರುವ ಅಂಕವನ್ನು ನೋಡುತ್ತಾ ಕೂರಬೇಡಿ. ಹಾಡುವಾಗ ಪರದೆಯಲ್ಲಿ ಸ್ವರಗಳನ್ನು ತೋರಿಸುವ ಅಡ್ಡಪಟ್ಟಿಗಳ ಮೇಲೆ ನಿಮ್ಮ ದನಿಯ ಗೆರೆ ಮೂಡುತ್ತದೆಯಲ್ಲ, ಅದನ್ನು ನೋಡಿ. ಗೆರೆ ಯಾವ ರೀತಿ ತಪ್ಪುತ್ತಿದೆ ಅನ್ನುವುದರಿಂದಲೇ ದೋಷ ಎಲ್ಲಿದೆ ಅಂತ ಹೇಳಬಹುದು.

ಆಟ ಏನನ್ನು ಕೇಳಿಸಿಕೊಳ್ಳುತ್ತದೆ

2003ರಲ್ಲಿ ಬಂದ ಕ್ಯಾರಿಯೋಕಿ ರೆವಲ್ಯೂಷನ್, 2004ರ ಸಿಂಗ್‌ಸ್ಟಾರ್, 2007ರ ರಾಕ್ ಬ್ಯಾಂಡ್, ಈಗ ಕಂಪ್ಯೂಟರಿಗೆ ಉಚಿತವಾಗಿ ಸಿಗುವ ಅಲ್ಟ್ರಾಸ್ಟಾರ್ ಡಿಲಕ್ಸ್ ಮತ್ತು ಪರ್ಫಾರ್ಮಸ್. ಹೆಸರು ಬೇರೆ ಬೇರೆ, ಒಳಗಿನ ಕೆಲಸ ಹೆಚ್ಚುಕಮ್ಮಿ ಒಂದೇ. ಮೈಕ್‌ನಿಂದ ಬಂದ ಸದ್ದನ್ನು ಆಟ ಚಿಕ್ಕ ಚಿಕ್ಕ ತುಂಡುಗಳಾಗಿ ತೆಗೆದುಕೊಳ್ಳುತ್ತದೆ. ಒಂದೊಂದು ತುಂಡಿನಲ್ಲೂ ದನಿ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತಿದೆ ಅಂತ ಲೆಕ್ಕ ಹಾಕುತ್ತದೆ. ಅದನ್ನು ಹತ್ತಿರದ ಸ್ವರಕ್ಕೆ ಹೊಂದಿಸುತ್ತದೆ. ಆ ಗಳಿಗೆಯಲ್ಲಿ ಹಾಡಿನ ಫೈಲಿನಲ್ಲಿ ಯಾವ ಸ್ವರ ಬರೆದಿದೆಯೋ ಅದರ ಜೊತೆ ಹೋಲಿಸುತ್ತದೆ. ಅಷ್ಟೇ.

ದನಿ ಇಂಪಾಗಿದೆಯೇ, ಭಾವ ಇದೆಯೇ ಅನ್ನುವುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಸ್ವರ ಇರುವ ಸಾಲುಗಳಲ್ಲಿ ಮಾತು ಸರಿಯೋ ತಪ್ಪೋ ಅಂತಲೂ ಸಾಮಾನ್ಯವಾಗಿ ನೋಡುವುದಿಲ್ಲ. ಬಾಯಿ ಮುಚ್ಚಿ ಗುನುಗಿದರೂ ಅಂಕ ಬರುತ್ತದೆ. ರಾಕ್ ಬ್ಯಾಂಡ್‌ನಲ್ಲಿ ಸ್ವರವಿಲ್ಲದೆ ಮಾತಾಡುವಂಥ ಭಾಗಗಳಿವೆ, ಅವಕ್ಕೆ ಮಾತ್ರ ಅಳತೆ ಬೇರೆ. ಸ್ಥಾಯಿಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 220, 440, 880 ಹರ್ಟ್ಸ್ ಮೂರೂ ಅದಕ್ಕೆ ಒಂದೇ ಸ್ವರ. ಹೆಣ್ಣು ದನಿಯ ಹಾಡನ್ನು ಗಂಡಸರು ಒಂದು ಸ್ಥಾಯಿ ಕೆಳಗೆ ಹಾಡಿದರೂ ಪೂರ್ತಿ ಅಂಕ ಸಿಗುವುದು ಇದರಿಂದಲೇ.

ಇನ್ನೊಂದು ಸಂಗತಿ ಮುಂದೆ ಬೇಕಾಗುತ್ತದೆ. ಕೀಬೋರ್ಡಿನಲ್ಲಿ ಕಪ್ಪು ಬಿಳಿ ಎರಡೂ ಸೇರಿಸಿ, ಒಂದು ಕೀಲಿಯಿಂದ ಪಕ್ಕದ ಕೀಲಿಗೆ ಇರುವ ಅಂತರವನ್ನು ಸೆಮಿಟೋನ್ ಅನ್ನುತ್ತಾರೆ. ಅಲ್ಟ್ರಾಸ್ಟಾರ್ ಡಿಲಕ್ಸ್‌ನಲ್ಲಿ ಈಸಿ ಮಟ್ಟಕ್ಕೆ 2 ಸೆಮಿಟೋನ್ ಆಚೀಚೆ ಆದರೂ ನಡೆಯುತ್ತದೆ. ಮೀಡಿಯಂಗೆ 1. ಹಾರ್ಡ್‌ಗೆ ಅದೇ ಸ್ವರ ಬೀಳಬೇಕು. ಪೂರ್ತಿ ಅಂಕ 10,000. ಚಿನ್ನದ ಬಣ್ಣದ ಸ್ವರಗಳಿಗೆ ಎರಡು ಪಟ್ಟು ಬೆಲೆ.

ಗೆರೆಯೇ ಮೂಡುವುದಿಲ್ಲ

ಇದು ಸುಲಭದ ದೋಷ, ಬೇಗ ಮುಗಿಸೋಣ. ಆಟ ಮುಚ್ಚಿ, ಕಂಪ್ಯೂಟರಿನ ಸಾದಾ ರೆಕಾರ್ಡರ್ ತೆರೆದು ಏನಾದರೂ ಮಾತಾಡಿ ರೆಕಾರ್ಡ್ ಮಾಡಿ. ಅಲ್ಲೂ ಸದ್ದಿಲ್ಲ ಅಂದರೆ ಆಟಕ್ಕೂ ಈ ದೋಷಕ್ಕೂ ಸಂಬಂಧವಿಲ್ಲ. ಮೈಕ್‌ನ ಸ್ವಿಚ್ ನೋಡಿ. ಮೈಕ್ ಬಳಸಲು ಆ್ಯಪ್‌ಗಳಿಗೆ ಅನುಮತಿ ಇದೆಯೇ ಅಂತ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ನೋಡಿ. ಅನುಮತಿ ಇಲ್ಲದಿದ್ದರೆ ಎಷ್ಟೋ ಸಲ ಯಾವ ಎಚ್ಚರಿಕೆಯೂ ಬರುವುದಿಲ್ಲ, ಸುಮ್ನೆ ಮೌನ ಸಿಗುತ್ತದೆ. ಫೋನಿಗೆ ಹಾಕುವ ಇಯರ್‌ಫೋನಿನ ಪಿನ್ನಿನಲ್ಲಿ 4 ಭಾಗ ಇರುತ್ತದೆ. ಕಂಪ್ಯೂಟರಿನ ಮೈಕ್ ಜಾಕ್ 3 ಭಾಗದ್ದಾದರೆ ಅದರಲ್ಲಿ ಆ ಮೈಕ್ ಕೆಲಸ ಮಾಡುವುದಿಲ್ಲ. ಸ್ಟುಡಿಯೋಗೆ ಅಂತ ಬರುವ ಕಂಡೆನ್ಸರ್ ಮೈಕ್‌ಗಳಿಗೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕ್ ಕೇಬಲ್ ಮೂಲಕವೇ ಹೋಗುವ ವಿದ್ಯುತ್, ಬೇಕು.

ರೆಕಾರ್ಡರ್‌ನಲ್ಲಿ ಸದ್ದು ಬಂದು ಆಟದಲ್ಲಿ ಬರದಿದ್ದರೆ, ಆಟದೊಳಗೆ ಬೇರೆ ಮೈಕ್ ಆಯ್ಕೆಯಾಗಿರುತ್ತದೆ. ವೆಬ್ ಕ್ಯಾಮೆರಾದಲ್ಲೂ ಒಂದು ಮೈಕ್ ಇರುತ್ತದೆ ಅನ್ನುವುದು ಮರೆತೇ ಹೋಗುತ್ತದೆ, ಅಲ್ವಾ? ಎಷ್ಟೋ ಸಲ ಆಟ ಆ ಮೈಕನ್ನೇ ಹಿಡಿದುಕೊಂಡು ಕೂತಿರುತ್ತದೆ.

ಗೆರೆ ಶುರುವಾಗಿ ಮಧ್ಯದಲ್ಲೇ ತುಂಡಾಗುತ್ತದೆ

ಈ ದೋಷದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಇದರಿಂದ ಪೆಟ್ಟು ತಿನ್ನುವವರು ಚೆನ್ನಾಗಿ ಹಾಡುವವರೇ.

ಗುರುತು ಹೀಗಿರುತ್ತದೆ. ಗಿಡ್ಡ ಸ್ವರಗಳೆಲ್ಲ ಸರಿಯಾಗಿ ಬೀಳುತ್ತವೆ. ಉದ್ದ ಸ್ವರ ಬಂದಾಗ ಮಾತ್ರ ಗೆರೆ ಒಂದೆರಡು ಸೆಕೆಂಡು ನಿಂತು ಆಮೇಲೆ ಮಾಯವಾಗುತ್ತದೆ. ನೀವು ಇನ್ನೂ ಹಾಡುತ್ತಲೇ ಇರುತ್ತೀರಿ. ದನಿ ನಡುಗಿಸಿದರೆ ಗೆರೆ ವಾಪಸ್ ಬರುತ್ತದೆ. ನೇರವಾಗಿ ನಿಲ್ಲಿಸಿದರೆ ಮತ್ತೆ ಹೋಗುತ್ತದೆ.

ಇದಕ್ಕೆ ಕಾರಣ ನಾಯ್ಸ್ ಸಪ್ರೆಶನ್, ಅಂದರೆ ಗದ್ದಲ ತೆಗೆಯುವ ಸೆಟ್ಟಿಂಗ್. ಕಂಪ್ಯೂಟರಿನ ಮೈಕ್ ಸೆಟ್ಟಿಂಗ್‌ಗಳನ್ನು ಮಾಡಿರುವುದು ಫೋನಿನಲ್ಲಿ, ಮೀಟಿಂಗಿನಲ್ಲಿ ಮಾತಾಡುವವರಿಗೆ. ಮಾತು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಫ್ಯಾನಿನ ಸದ್ದು ಬದಲಾಗದೆ ಒಂದೇ ಸಮನೆ ಇರುತ್ತದೆ. ಹಾಗಾಗಿ ಒಂದೇ ಸಮನೆ ಇರುವುದು ಗದ್ದಲ ಅಂತ ಅದು ತೀರ್ಮಾನಿಸುತ್ತದೆ. ಹದವಾಗಿ, ಅಲುಗಾಡದೆ ನಿಂತ 'ಆ' ಕೂಡ ಅದಕ್ಕೆ ಫ್ಯಾನಿನ ಸದ್ದಿನ ಹಾಗೇ ಕೇಳಿಸುತ್ತದೆ. ಉಸಿರು ಹಿಡಿದು ಸ್ವರ ನಿಲ್ಲಿಸಲು ಕಲಿತವರ ದನಿಯೇ ಮೊದಲು ಅಳಿಸಿಹೋಗುತ್ತದೆ.

ಪರೀಕ್ಷೆ ಸುಲಭ. ರೆಕಾರ್ಡರ್ ತೆರೆಯಿರಿ. ಸುತ್ತ ಸದ್ದಿಲ್ಲದ ಕೋಣೆಯಲ್ಲಿ, ಒಂದೇ ಶ್ರುತಿಯಲ್ಲಿ, ಒಂದೇ ಜೋರಿನಲ್ಲಿ ಹತ್ತು ಸೆಕೆಂಡು 'ಆ' ಅನ್ನಿ. ಆಮೇಲೆ ಕೇಳಿ. ದನಿ ಮೊದಲು ಗಟ್ಟಿಯಾಗಿದ್ದು ಆಮೇಲೆ ಕುಗ್ಗುತ್ತಾ ಹೋದರೆ, ನೀರಿನೊಳಗಿಂದ ಬಂದಂತೆ ಗುಳುಗುಳು ಅಂದರೆ, ಕಳ್ಳ ಸಿಕ್ಕ. ಮೈಕ್‌ನ ಸೆಟ್ಟಿಂಗಿಗೆ ಹೋಗಿ ಆಡಿಯೋ ಎನ್ಹಾನ್ಸ್‌ಮೆಂಟ್ ಅಂತ ಇರುವುದನ್ನೆಲ್ಲ ಆಫ್ ಮಾಡಿ. ಲ್ಯಾಪ್‌ಟಾಪ್ ಜೊತೆಗೇ ಬರುವ ಬೇರೆ ಆಡಿಯೋ ಆ್ಯಪ್ ಒಂದಿದ್ದರೆ ಅದರೊಳಗೂ ಇಂಥದ್ದೇ ಸೆಟ್ಟಿಂಗ್ ಅಡಗಿರುತ್ತದೆ. ಒಂದು ಕಡೆ ಆಫ್ ಮಾಡಿ ಇನ್ನೊಂದನ್ನು ಬಿಟ್ಟರೆ ಪ್ರಯೋಜನವಿಲ್ಲ. ಬದಲಾಯಿಸಿದ ಮೇಲೆ ಅದೇ 'ಆ' ಮತ್ತೆ ರೆಕಾರ್ಡ್ ಮಾಡಿ ಹೋಲಿಸಿ ನೋಡಿ.

ಇದರ ಜೊತೆಗಾರ ಎಕೋ ಕ್ಯಾನ್ಸಲೇಶನ್. ಸ್ಪೀಕರಿನಿಂದ ಬಂದ ಸದ್ದು ಮೈಕ್‌ಗೆ ಹೊಕ್ಕಿದ್ದರೆ ಅದನ್ನು ಅಳಿಸುವುದು ಅದರ ಕೆಲಸ. ಸ್ಪೀಕರಿನಲ್ಲಿ ಮೂಲ ಗಾಯಕರು ಹಾಡುತ್ತಿದ್ದಾರೆ, ನೀವೂ ಅದೇ ಸ್ವರವನ್ನು ಅದೇ ಹೊತ್ತಿಗೆ ಹಾಡುತ್ತಿದ್ದೀರಿ. ಎರಡನ್ನೂ ಬೇರ್ಪಡಿಸಲಾಗದೆ ನಿಮ್ಮ ದನಿಯನ್ನೂ ಸೇರಿಸಿ ಒರೆಸಿಹಾಕುವ ಸಂಭವ ಇರುತ್ತದೆ. ಇಯರ್‌ಫೋನ್ ಹಾಕಿಕೊಂಡಾಗ ಅಂಕ ಸರಿಯಾಗಿ ಬಂದು, ಸ್ಪೀಕರ್ ಹಾಕಿದಾಗ ಗೆರೆ ಹರಿದು ಹೋದರೆ ಇದನ್ನೇ ಅನುಮಾನಿಸಿ.

ಗೆರೆ ತುಂಡಾಗಲು ಇನ್ನೊಂದು ಸಾದಾ ಕಾರಣವೂ ಇದೆ. ಪ್ರತಿ ಆಟಕ್ಕೂ ಒಂದು ಹೊಸ್ತಿಲು ಇರುತ್ತದೆ. ಅದಕ್ಕಿಂತ ಮೆಲ್ಲಗಿನ ಸದ್ದನ್ನು ಅದು ಕೇಳಿಸಿಕೊಳ್ಳುವುದೇ ಇಲ್ಲ. ಸಾಲಿನ ಕೊನೆಯಲ್ಲಿ ಉಸಿರು ಕಡಿಮೆಯಾದಾಗ, ತಗ್ಗಿದ ದನಿಯ ಸಾಲುಗಳಲ್ಲಿ ಗೆರೆ ನಿಲ್ಲುತ್ತದೆ. ಅಲ್ಟ್ರಾಸ್ಟಾರ್ ಡಿಲಕ್ಸ್‌ನ ಮೈಕ್ ಸೆಟ್ಟಿಂಗ್‌ನಲ್ಲಿ ಈ ಹೊಸ್ತಿಲನ್ನು ಇಳಿಸಬಹುದು. ಮೈಕ್‌ನ ಗೇನ್, ಅಂದರೆ ಸದ್ದು ಹಿಗ್ಗಿಸುವ ಮಟ್ಟ, ಏರಿಸಿದರೂ ಅದೇ ಕೆಲಸ. ಆದರೆ 'ಜೋರಾಗಿ ಹಾಡಿದರೆ ಜಾಸ್ತಿ ಅಂಕ' ಅನ್ನುವ ಮಾತನ್ನು ನಂಬಬೇಡಿ. ಹೊಸ್ತಿಲು ದಾಟಿದ ಮೇಲೆ ಜೋರಿಗೆ ಬೆಲೆಯಿಲ್ಲ. ಅಳೆಯುವುದು ಕಂಪನವನ್ನು, ಗಟ್ಟಿತನವನ್ನಲ್ಲ. ಕಿರುಚಿದರೆ ಸ್ವರ ಮೇಲಕ್ಕೆ ಜಾರುವುದೇ ಹೆಚ್ಚು.

ನೀವು ಹಾಡದಿದ್ದರೂ ಗೆರೆ ಬರುತ್ತದೆ

ಮೈಕ್ ಕೈಯಲ್ಲಿ ಹಿಡಿದು ಬಾಯಿ ಮುಚ್ಚಿ ಒಂದು ಹಾಡು ಪೂರ್ತಿ ಓಡಲು ಬಿಡಿ. ಗೆರೆ ಮೂಡಿ ಅಂಕ ಏರಿದರೆ, ಸ್ಪೀಕರಿನ ಹಾಡು ಮೈಕ್‌ಗೆ ಸೋರುತ್ತಿದೆ. ಪುಕ್ಕಟೆ ಅಂಕ ಬಂದರೆ ಬರಲಿ ಅಂತ ಬಿಡುವ ಹಾಗಿಲ್ಲ. ನೀವು ಹಾಡಲು ಶುರು ಮಾಡಿದಾಗ ಎರಡು ದನಿ ಒಟ್ಟಿಗೆ ಒಳಗೆ ಹೋಗುತ್ತವೆ. ಒಂದು ದನಿಯ ಶ್ರುತಿ ಅಳೆಯಲು ಮಾಡಿದ ಲೆಕ್ಕ ಎರಡು ಬಂದಾಗ ಗಲಿಬಿಲಿಯಾಗುತ್ತದೆ. ಗೆರೆ ಮೇಲೆ ಕೆಳಗೆ ಕುಪ್ಪಳಿಸುತ್ತದೆ. ನೀವು ಸ್ಥಾಯಿ ಬದಲಿಸಿ ಹಾಡುತ್ತಿದ್ದರೆ ಇನ್ನೂ ಕಷ್ಟ.

ಸ್ಪೀಕರನ್ನು ಮೈಕ್‌ನ ಬೆನ್ನಿನ ಕಡೆ ಬರುವಂತೆ ಇಡಿ. ಸದ್ದು ಇಳಿಸಿ. ಮೈಕ್ ಬಾಯಿಗೆ ಮೂರು ನಾಲ್ಕು ಬೆರಳು ದೂರ ಇರಲಿ, ಗೇನ್ ಇಳಿಸಿ. ಮೈಕ್ ಹತ್ತಿರ, ಗೇನ್ ಕಡಿಮೆ: ಸೋರಿಕೆಗೆ ಇದಕ್ಕಿಂತ ಒಳ್ಳೆ ಮದ್ದಿಲ್ಲ. ಲ್ಯಾಪ್‌ಟಾಪಿನ ಒಳಗಿನ ಮೈಕ್ ಸ್ಪೀಕರಿನ ಪಕ್ಕದಲ್ಲೇ ಇರುತ್ತದೆ. ಅದನ್ನು ಇಟ್ಟುಕೊಂಡು ಸ್ಪೀಕರಿನಲ್ಲಿ ಹಾಡು ಕೇಳುತ್ತಾ ಸರಿಯಾದ ಅಂಕ ನಿರೀಕ್ಷಿಸಬೇಡಿ. ವೈರ್ ಇರುವ ಸಾದಾ ಇಯರ್‌ಫೋನ್ ಆದರೂ ಹಾಕಿಕೊಳ್ಳಿ. ಮೈಕ್‌ನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವವರಿದ್ದಾರೆ. ಹಾಗೆ ಹಿಡಿದರೆ ಮೈಕ್ ಎಲ್ಲ ಕಡೆಯ ಸದ್ದನ್ನೂ ಎಳೆದುಕೊಳ್ಳುತ್ತದೆ.

ಸ್ವರ ಸರಿ, ಹೊತ್ತು ತಪ್ಪು

ಗೆರೆಯ ಎತ್ತರ ಸರಿಯಾಗಿದೆ. ಆದರೆ ಪಟ್ಟಿ ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಗೆರೆ ಶುರುವಾಗುತ್ತದೆ, ಪಟ್ಟಿ ಮುಗಿದ ಮೇಲೂ ಅಷ್ಟೇ ದೂರ ಹೊರಗೆ ಚಾಚುತ್ತದೆ. ಇದು ತಡದ ದೋಷ.

ಇನ್ನೊಂದು ಗುರುತು ಇದೆ. ನಿಧಾನದ ಹಾಡುಗಳಲ್ಲಿ ಅಂಕ ಚೆನ್ನಾಗಿ ಬಂದು, ವೇಗದ ಹಾಡುಗಳಲ್ಲಿ ದಿಢೀರ್ ಕುಸಿಯುತ್ತದೆ. 'ವೇಗ ನನಗೆ ಬರಲ್ಲ' ಅಂದುಕೊಳ್ಳುವ ಮೊದಲು ಲೆಕ್ಕ ನೋಡಿ. ಒಟ್ಟು ತಡ 150 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ಒಂದು ಸೆಕೆಂಡಿನ ಉದ್ದ ಸ್ವರದಲ್ಲಿ ಕಳೆದುಹೋಗುವುದು ನೂರಕ್ಕೆ 15 ಭಾಗ. ಅದು ಕಣ್ಣಿಗೂ ಕಾಣುವುದಿಲ್ಲ. ಆದರೆ 100 ಮಿಲಿಸೆಕೆಂಡಿನ ಚುಟುಕು ಸ್ವರ ಇದ್ದರೆ? ನಿಮ್ಮ ದನಿ ಆಟಕ್ಕೆ ತಲುಪುವಷ್ಟರಲ್ಲಿ ಆ ಸ್ವರ ಮುಗಿದೇ ಹೋಗಿರುತ್ತದೆ. ಪಕ್ಕದ ಸ್ವರದ ಮೇಲೆ ತಪ್ಪಾಗಿ ಬೀಳುತ್ತದೆ.

ತಡ ಎರಡು ಕಡೆಯಿಂದ ಬರುತ್ತದೆ. ಹಾಡು ನಿಮ್ಮ ಕಿವಿಗೆ ತಡವಾಗಿ ಬರಬಹುದು. ನಿಮ್ಮ ದನಿ ಆಟಕ್ಕೆ ತಡವಾಗಿ ಹೋಗಬಹುದು. ಎರಡೂ ಕೂಡಿಕೊಳ್ಳುತ್ತವೆ. ಹಾಡುವವರು ತಾಳ ಹಿಡಿಯುವುದು ಕಿವಿಯಿಂದ. ಹಾಗಾಗಿ ಅಂಕಕ್ಕೆ ಮುಖ್ಯವಾಗುವುದು ಸದ್ದಿನ ತಡ. ಚಿತ್ರದ ತಡ ಬೇರೆ ಲೆಕ್ಕ. ಬಾಯಿಪಾಠ ಇರುವ ಹಾಡಿನಲ್ಲಿ ಸರಿಯಾಗಿದ್ದು, ಪರದೆ ನೋಡಿಕೊಂಡು ಹಾಡುವ ಹೊಸ ಹಾಡುಗಳಲ್ಲಿ ಮಾತ್ರ ಪ್ರತಿ ಸ್ವರಕ್ಕೂ ಒಂದೇ ಅಳತೆಯಲ್ಲಿ ತಡವಾಗುತ್ತಿದ್ದರೆ ಚಿತ್ರವನ್ನು ಅನುಮಾನಿಸಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಚಿತ್ರವನ್ನು ಚೆಂದ ಮಾಡುವ ಸೆಟ್ಟಿಂಗ್‌ಗಳಿಗೆ ಹೊತ್ತು ಬೇಕು. ಕೆಲವು ಟಿವಿಗಳಲ್ಲಿ ಆ ತಡ 100 ಮಿಲಿಸೆಕೆಂಡ್ ದಾಟುವುದೂ ಉಂಟು.

ಸದ್ದಿನ ತಡಕ್ಕೆ ಮೊದಲ ಆರೋಪಿ ಬ್ಲೂಟೂತ್. ಸಾಮಾನ್ಯ ಬ್ಲೂಟೂತ್ ಸ್ಪೀಕರ್, ಹೆಡ್‌ಫೋನ್‌ಗಳಲ್ಲಿ 100ರಿಂದ 250 ಮಿಲಿಸೆಕೆಂಡ್ ತಡ ಇದ್ದೇ ಇರುತ್ತದೆ. ಸಿನಿಮಾ ನೋಡುವಾಗ ಗೊತ್ತಾಗುವುದಿಲ್ಲ, ಯಾಕೆಂದರೆ ಪ್ಲೇಯರ್ ಚಿತ್ರವನ್ನೂ ಅಷ್ಟೇ ತಡ ಮಾಡಿ ಸರಿದೂಗಿಸುತ್ತದೆ. ಹಾಡಿನ ಆಟದಲ್ಲಿ ಹಾಗೆ ಮುಚ್ಚಿಡಲು ಆಗುವುದಿಲ್ಲ. ಬ್ಲೂಟೂತ್ ಹೆಡ್‌ಸೆಟ್‌ನ ಮೈಕನ್ನೇ ಬಳಸಿದರೆ ಇನ್ನೊಂದು ತೊಂದರೆ. ಅದು ಸಾಮಾನ್ಯವಾಗಿ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ, ಸಂಗೀತವೂ ಡಬ್ಬಿಯೊಳಗಿನ ಸದ್ದಾಗುತ್ತದೆ. ನನ್ನ ಸಲಹೆ ನೇರ: ಹಾಡುವ ಆಟಕ್ಕೆ ಬ್ಲೂಟೂತ್ ಬೇಡ.

ಕೋಣೆ ದೊಡ್ಡದಿದೆ, ಸ್ಪೀಕರ್ ದೂರ ಇದೆ ಅಂತ ಚಿಂತೆ ಮಾಡಬೇಡಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಮೂರು ಮೀಟರ್ ದೂರಕ್ಕೆ 9 ಮಿಲಿಸೆಕೆಂಡ್ ಸಾಕು.

ಫೋನನ್ನೇ ಮೈಕ್ ಮಾಡಿಕೊಂಡು ವೈಫೈ ಮೂಲಕ ಹಾಡಲು ಕೆಲವು ಆಟಗಳು ಬಿಡುತ್ತವೆ. ಅಲ್ಲಿ ತಡ ಒಂದೇ ಸಮ ಇರುವುದಿಲ್ಲ. ಒಂದು ಸಾಲಿನಲ್ಲಿ ಕಡಿಮೆ, ಮುಂದಿನದರಲ್ಲಿ ಜಾಸ್ತಿ. ಒಂದೇ ಸಮನಾದ ತಡವನ್ನು ಸೆಟ್ಟಿಂಗ್‌ನಲ್ಲಿ ಕಳೆಯಬಹುದು, ಏರುಪೇರಾಗುವ ತಡವನ್ನು ಕಳೆಯಲು ಆಗುವುದಿಲ್ಲ. ಫೋನು ರೂಟರಿನ ಹತ್ತಿರ ಇರಲಿ, ಆಟದ ಯಂತ್ರಕ್ಕೆ ಸಾಧ್ಯವಾದರೆ ಕೇಬಲ್ ಹಾಕಿ.

ಇಷ್ಟಾದ ಮೇಲೆ ಉಳಿದ ತಡವನ್ನು ಆಟದ ಕ್ಯಾಲಿಬ್ರೇಶನ್‌ನಲ್ಲಿ ಕಳೆಯಿರಿ. ಬಟನ್ ಒತ್ತಿ ಮಾಡುವ ಕ್ಯಾಲಿಬ್ರೇಶನ್ ಗಿಟಾರ್, ಡ್ರಮ್ಮಿಗೆ ಸರಿ ಹೋಗುತ್ತದೆ. ಮೈಕ್‌ನ ತಡ ಅದರಲ್ಲಿ ಸೇರಿರುವುದಿಲ್ಲ. ಮೈಕ್‌ಗೆ ಅಂತ ಬೇರೆ ಸೆಟ್ಟಿಂಗ್ ಇದ್ದರೆ ಅದನ್ನೇ ಬದಲಿಸಿ. ಗೊತ್ತಿರುವ ಹಾಡು ಹಾಕಿ, ಪ್ರತಿ ಸ್ವರದ ಮೊದಲಿಗೆ ಚುರುಕಾಗಿ 'ಆ' ಅನ್ನಿ. ಗೆರೆ ಎಲ್ಲ ಕಡೆಯೂ ಒಂದೇ ಅಂತರದಲ್ಲಿ ತಡವಾಗಿದ್ದರೆ ಅಷ್ಟನ್ನು ಸರಿಪಡಿಸಿ. ಒಮ್ಮೆ ಮುಂಚೆ, ಒಮ್ಮೆ ಆಮೇಲೆ ಬೀಳುತ್ತಿದ್ದರೆ ಅದು ಯಂತ್ರದ ದೋಷವಲ್ಲ, ತಾಳದ ಅಭ್ಯಾಸ ಬೇಕು.

ನಿಮ್ಮ ದನಿ ಸ್ಪೀಕರಿನಲ್ಲಿ ನಿಮಗೇ ತಡವಾಗಿ ಕೇಳಿಸುತ್ತಿದ್ದರೆ ಅದನ್ನು ಆಫ್ ಮಾಡಿ. ತಡವಾದ ನಮ್ಮದೇ ದನಿ ಕೇಳುತ್ತಾ ಹಾಡಿದರೆ ಎಂಥವರೂ ಹಿಂದೆ ಬೀಳುತ್ತಾರೆ.

ಗೆರೆಯ ಆಕಾರ ಸರಿ, ಎತ್ತರ ತಪ್ಪು

ಹಾಡಿನ ಏರಿಳಿತವೆಲ್ಲ ಗೆರೆಯಲ್ಲಿ ಸರಿಯಾಗಿ ಮೂಡುತ್ತದೆ. ಆದರೆ ಇಡೀ ಗೆರೆ ಪಟ್ಟಿಗಿಂತ ಒಂದೇ ಅಳತೆಯಲ್ಲಿ ಮೇಲೆ ಅಥವಾ ಕೆಳಗೆ ಇರುತ್ತದೆ. ಇದರ ಇನ್ನೊಂದು ಗುರುತು, ಈಸಿಯಲ್ಲಿ ಒಳ್ಳೆಯ ಅಂಕ ಬಂದು ಹಾರ್ಡ್‌ನಲ್ಲಿ ನೆಲಕಚ್ಚುವುದು. ತಡದ ದೋಷ ಎಲ್ಲ ಮಟ್ಟದಲ್ಲೂ ಕಾಡುತ್ತದೆ. ಎತ್ತರದ ದೋಷ ಮಾತ್ರ 2 ಸೆಮಿಟೋನಿನ ರಿಯಾಯಿತಿಯಲ್ಲಿ ಅಡಗಿ ಕೂರುತ್ತದೆ.

ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ 440 ಹರ್ಟ್ಸ್ ಸದ್ದು ಬಿಡಿ. ಅದು ಪಾಶ್ಚಾತ್ಯ ಸಂಗೀತದ ಎ ಸ್ವರ. ಫೋನನ್ನು ಮೈಕ್ ಹತ್ತಿರ ಹಿಡಿಯಿರಿ. ಅಲ್ಟ್ರಾಸ್ಟಾರ್ ಡಿಲಕ್ಸ್‌ನ ಮೈಕ್ ಸೆಟ್ಟಿಂಗ್ ಪರದೆಯಲ್ಲಿ ಆಟಕ್ಕೆ ಕೇಳಿಸುತ್ತಿರುವ ಸ್ವರ ಕಾಣಿಸುತ್ತದೆ. ಎ ಅಂತ ಬಂದರೆ ಮೈಕ್ ಮತ್ತು ಆಟ ಎರಡೂ ಸರಿ. ಎ ಶಾರ್ಪ್ ಮತ್ತು ಬಿ ನಡುವೆ ತೂಗಾಡುತ್ತಿದ್ದರೆ, ಮೈಕ್ ಸೆಕೆಂಡಿಗೆ 44,100 ಮಾದರಿ (ಸದ್ದಿನ ಅಳತೆ) ಕಳಿಸುತ್ತಿದೆ, ಆಟ ಅದನ್ನು 48,000 ಅಂತ ಎಣಿಸುತ್ತಿದೆ. 440 ಹರ್ಟ್ಸ್ ಅದರ ಕಣ್ಣಿಗೆ ಸುಮಾರು 479 ಆಗುತ್ತದೆ, ಅಂದರೆ ಹತ್ತಿರಹತ್ತಿರ ಒಂದೂವರೆ ಸೆಮಿಟೋನ್ ಮೇಲೆ. ತಿರುವುಮುರುವಾಗಿದ್ದರೆ ಜಿ ಮತ್ತು ಜಿ ಶಾರ್ಪ್ ನಡುವೆ ಬೀಳುತ್ತದೆ. ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್‌ನಲ್ಲಿ ಮೈಕ್‌ನ ಸ್ಯಾಂಪಲ್ ರೇಟ್ ಬದಲಿಸಿ, ಆಟವನ್ನು ಮುಚ್ಚಿ ಮತ್ತೆ ತೆರೆಯಿರಿ. ಅದೇ ಟೋನ್ ಮತ್ತೊಮ್ಮೆ ಬಿಟ್ಟು ನೋಡಿ.

ತಗ್ಗು ದನಿಯವರಿಗೆ ಒಂದು ಮಾತು. ಗೆರೆ ಸಾಮಾನ್ಯವಾಗಿ ಸರಿಯಿದ್ದು, ಕೆಳಗಿನ ಸ್ವರಗಳಲ್ಲಿ ಮಾತ್ರ 'ಸ' ಹಾಡಿದರೆ 'ಪ' ತೋರಿಸುತ್ತಿದೆಯೇ? ಚಿಕ್ಕ ಮೈಕ್‌ಗಳು ತಗ್ಗಿನ ಕಂಪನವನ್ನು ಚೆನ್ನಾಗಿ ಹಿಡಿಯುವುದಿಲ್ಲ. ಆಗ ಕೆಲವು ಆಟಗಳು ದನಿಯ ಮೂಲ ಕಂಪನ ಬಿಟ್ಟು ಅದರ ಮೂರು ಪಟ್ಟಿನ ಕಂಪನವನ್ನು ಹಿಡಿಯುತ್ತವೆ. ಎರಡು ಪಟ್ಟನ್ನು ಹಿಡಿದರೆ ಚಿಂತೆಯಿಲ್ಲ, ಸ್ಥಾಯಿ ಬದಲಾಗುತ್ತದೆ ಅಷ್ಟೇ. ಮೂರು ಪಟ್ಟು ಅಂದರೆ ಮೇಲಿನ ಸ್ಥಾಯಿಯ ಪಂಚಮ. ಮೈಕ್ ಬಾಯಿಗೆ ಹತ್ತಿರ ತನ್ನಿ. ಹತ್ತಿರ ಹಿಡಿದಾಗ ತಗ್ಗಿನ ಕಂಪನ ಜಾಸ್ತಿ ಸಿಗುವ ಡೈನಮಿಕ್ ಮೈಕ್ ಇದ್ದರೆ ಇನ್ನೂ ಒಳ್ಳೆಯದು.

ಒಂದೇ ಹಾಡಿನಲ್ಲಿ ಮಾತ್ರ ತೊಂದರೆ

ಉಳಿದೆಲ್ಲ ಹಾಡು ಸರಿಯಿದ್ದು ಒಂದರಲ್ಲಿ ಮಾತ್ರ ಅಂಕ ಬರದಿದ್ದರೆ, ಹಾಡಿನ ಫೈಲನ್ನು ತೆರೆದು ನೋಡಿ. ಅಲ್ಟ್ರಾಸ್ಟಾರ್ ಹಾಡುಗಳ ಒಳ್ಳೆಯ ಗುಣ ಏನೆಂದರೆ ಅದು ಸಾದಾ ಪಠ್ಯ ಫೈಲು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಮೇಲ್ಗಡೆ ಬಿಪಿಎಂ ಮತ್ತು ಗ್ಯಾಪ್ ಅಂತ ಎರಡು ಸಾಲು ಇರುತ್ತವೆ. ಬಿಪಿಎಂ ಅಂದರೆ ಹಾಡಿನ ವೇಗ, ನಿಮಿಷಕ್ಕೆ ಎಷ್ಟು ಬೀಟ್ ಅಂತ. ಗ್ಯಾಪ್ ಅಂದರೆ ಮೊದಲ ಮಾತು ಬರುವ ತನಕ ಎಷ್ಟು ಮಿಲಿಸೆಕೆಂಡ್ ಅಂತ. ಕೆಳಗೆ ಒಂದೊಂದು ಸ್ವರಕ್ಕೆ ಒಂದೊಂದು ಸಾಲು: ಎಲ್ಲಿ ಶುರು, ಎಷ್ಟು ಉದ್ದ, ಯಾವ ಸ್ವರ, ಯಾವ ಅಕ್ಷರ. ಸ್ವರದ ಜಾಗದಲ್ಲಿ 0 ಅಂದರೆ ಸಿ, 9 ಅಂದರೆ ಎ.

ಹಾಡಿನ ಮೊದಲಿಂದ ಕೊನೆ ತನಕ ಒಂದೇ ಅಳತೆಯಲ್ಲಿ ಮುಂದೆ ಹಿಂದೆ ಆಗಿದ್ದರೆ ಗ್ಯಾಪ್ ತಪ್ಪಿದೆ. ಮೊದಲ ಸಾಲು ಸರಿಯಿದ್ದು, ಹೋಗ್ತಾ ಹೋಗ್ತಾ ದೂರ ಸರಿದರೆ ಬಿಪಿಎಂ ತಪ್ಪಿದೆ. ಸಣ್ಣ ತಪ್ಪೂ ಸಾಕು. ಹಾಡಿನ ನಿಜವಾದ ವೇಗ 120, ಫೈಲಿನಲ್ಲಿ 120.5 ಅಂತ ಬರೆದಿದ್ದರೆ, ಮೂರು ನಿಮಿಷದ ಕೊನೆಗೆ ಮುಕ್ಕಾಲು ಸೆಕೆಂಡ್ ಅಂತರ ಬಂದಿರುತ್ತದೆ. ಕೊನೆಯ ಪಲ್ಲವಿಯಲ್ಲಿ ಒಂದೂ ಸ್ವರ ಕೂಡುವುದಿಲ್ಲ. ಬಿಪಿಎಂ ಮೊದಲು ಸರಿ ಮಾಡಿ, ಗ್ಯಾಪ್ ಆಮೇಲೆ.

ಹೊತ್ತೂ ಎತ್ತರವೂ ಒಟ್ಟಿಗೆ ತಪ್ಪಿದ್ದರೆ ನಿಮ್ಮಲ್ಲಿರುವ ಆಡಿಯೋವೇ ಬೇರೆ ವೇಗದ್ದು. ಸೆಕೆಂಡಿಗೆ 24 ಚಿತ್ರದ ಸಿನಿಮಾವನ್ನು 25ಕ್ಕೆ ಏರಿಸಿ ಓಡಿಸಿದ ವಿಡಿಯೋದಿಂದ ತೆಗೆದ ಹಾಡು ಸುಮಾರು ನೂರಕ್ಕೆ 4ರಷ್ಟು ವೇಗವಾಗಿರುತ್ತದೆ, 0.7 ಸೆಮಿಟೋನ್ ಮೇಲೂ ಹೋಗಿರುತ್ತದೆ. ಫೈಲು ತಿದ್ದುವುದಕ್ಕಿಂತ ಸರಿಯಾದ ಆಡಿಯೋ ಹುಡುಕುವುದೇ ಮೇಲು.

ಸ್ವರಗಳನ್ನೇ ತಪ್ಪಾಗಿ ಬರೆದಿದ್ದಾರೆ ಅನ್ನುವ ಅನುಮಾನ ಇದ್ದರೆ, ಮೂಲ ಗಾಯಕರನ್ನೇ ಪರೀಕ್ಷೆಗೆ ಕೂರಿಸಿ. ಇಯರ್‌ಫೋನಿನ ಒಂದು ಕಡೆಯನ್ನು ಮೈಕ್‌ಗೆ ಒತ್ತಿ ಹಿಡಿದು ಹಾಡು ಓಡಿಸಿ. ವಾದ್ಯಗಳು ಅಡ್ಡ ಬರುತ್ತವೆ, ಹಾಗಾಗಿ ದನಿ ಒಂದೇ ಕೇಳುವ ಸಾಲುಗಳನ್ನು ಮಾತ್ರ ನೋಡಿ. ಹಾಡಿದವರ ಗೆರೆಯೇ ಅಲ್ಲಿ ಪಟ್ಟಿಯಿಂದ ಹೊರಗಿದ್ದರೆ ನಿಮ್ಮ ಗಂಟಲಿನ ಮೇಲೆ ಆರೋಪ ಹೊರಿಸುವ ಮಾತೇ ಇಲ್ಲ.

ಒಬ್ಬರು ಹಾಡಿದರೆ ಇಬ್ಬರಿಗೂ ಅಂಕ

ಸಿಂಗ್‌ಸ್ಟಾರ್‌ನ ನೀಲಿ, ಕೆಂಪು ಮೈಕ್‌ಗಳನ್ನು ಈಗ ಕಂಪ್ಯೂಟರಿಗೆ ಹಾಕಿ ಬಳಸುವವರು ಬಹಳ. ಎರಡೂ ಒಂದೇ ಯುಎಸ್‌ಬಿ ಅಡಾಪ್ಟರಿಗೆ ಸೇರುತ್ತವೆ. ಕಂಪ್ಯೂಟರಿಗೆ ಅವು ಒಂದೇ ಸ್ಟೀರಿಯೋ ಮೈಕ್ ಆಗಿ ಕಾಣುತ್ತವೆ, ಒಂದು ಎಡ ಚಾನೆಲ್, ಇನ್ನೊಂದು ಬಲ. ಸೌಂಡ್ ಸೆಟ್ಟಿಂಗ್‌ನಲ್ಲಿ 1 ಚಾನೆಲ್ ಅಂತ ಇದ್ದರೆ ಎರಡೂ ದನಿ ಬೆರೆತುಹೋಗುತ್ತವೆ. 2 ಚಾನೆಲ್ ಮಾಡಿ. ಆಮೇಲೆ ಆಟದೊಳಗೆ ಎಡ ಚಾನೆಲ್ ಒಬ್ಬರಿಗೆ, ಬಲ ಇನ್ನೊಬ್ಬರಿಗೆ ಕೊಡಿ. ಹಾಗೆ ಮಾಡಿದರೂ ಬೆರೆತರೆ ಇಬ್ಬರೂ ಅಕ್ಕಪಕ್ಕ ನಿಂತಿದ್ದೀರಿ ಅಂತ ಅರ್ಥ. ಸ್ವಲ್ಪ ದೂರ ನಿಲ್ಲಿ, ಗೇನ್ ಇಳಿಸಿ.

ಇಷ್ಟೆಲ್ಲ ಸರಿಯಾದ ಮೇಲೆ

ಈಗ ಗಂಟಲಿನ ಸರದಿ. ಒಂದು ಸಾಲನ್ನು ಮಾತಿನ ಜೊತೆ ಹಾಡಿ. ಅದೇ ಸಾಲನ್ನು ಬಾಯಿ ಮುಚ್ಚಿ ಗುನುಗಿ. ಗುನುಗಿದಾಗ ಅಂಕ ಜಾಸ್ತಿ ಬಂದರೆ ಶ್ರುತಿ ಸರಿ ಇದೆ, ತೊಂದರೆ ಇರುವುದು ಉಚ್ಚಾರಣೆಯಲ್ಲಿ. ಸ, ಶ, ಕ, ಪ, ತ ಇವುಗಳಲ್ಲಿ ಕಂಪನವೇ ಇಲ್ಲ, ಬರೀ ಗಾಳಿ. 'ಸಾ' ಅನ್ನುವಾಗ ಶ್ರುತಿ ಶುರುವಾಗುವುದು 'ಆ' ಬಂದ ಮೇಲೆ. ವ್ಯಂಜನವನ್ನು ತಾಳಕ್ಕೆ ಸ್ವಲ್ಪ ಮುಂಚೆ ಮುಗಿಸಿ, 'ಆ' ಸರಿಯಾಗಿ ತಾಳಕ್ಕೆ ಬೀಳುವ ಹಾಗೆ ಹಾಡಿ ನೋಡಿ. ವೇಗದ ಹಾಡುಗಳಲ್ಲಿ ಇದೊಂದರಿಂದಲೇ ಅಂಕ ಏರುತ್ತದೆ.

ಸಂಗೀತ ಕಲಿತವರಿಗೆ ಬೇರೆ ತೊಡಕು. ಗಮಕ, ಜಾರು ಎಲ್ಲ ಸಹಜವಾಗಿ ಬಂದುಬಿಡುತ್ತವೆ. ಫೈಲಿನಲ್ಲಿ ಬರೆದಿರುವುದು ನೇರ ಪಟ್ಟಿ. ಹಾರ್ಡ್ ಮಟ್ಟದಲ್ಲಿ ದನಿ ಅರ್ಧ ಸೆಮಿಟೋನಿಗಿಂತ ಆಚೀಚೆ ತೂಗಿದಾಗಲೆಲ್ಲ ಅಷ್ಟು ಹೊತ್ತಿನ ಅಂಕ ಹೋಗುತ್ತದೆ. ನಿಮ್ಮ ಹಾಡುಗಾರಿಕೆ ಬದಲಿಸಿಕೊಳ್ಳಿ ಅಂತ ನಾನು ಹೇಳಲಾರೆ. ಮೀಡಿಯಂನಲ್ಲಿ ಹಾಡಿ, ಆ 1 ಸೆಮಿಟೋನಿನ ಜಾಗ ನಿಮ್ಮ ಗಮಕಕ್ಕೆ ಸಾಕಷ್ಟು ಸಲ ಸಾಲುತ್ತದೆ. ಸ್ವರವನ್ನು ಕೆಳಗಿಂದ ಎತ್ತಿ ಹಿಡಿಯುವ ಅಭ್ಯಾಸ ಇದ್ದರೆ ಅದನ್ನು ಉದ್ದ ಸ್ವರಗಳಿಗೆ ಉಳಿಸಿಕೊಳ್ಳಿ. ಗಿಡ್ಡ ಸ್ವರದಲ್ಲಿ ಎತ್ತಿಕೊಳ್ಳುವಷ್ಟರಲ್ಲಿ ಅದು ಮುಗಿದಿರುತ್ತದೆ.

ಮೇಲಿನ ಸ್ವರ ಎಟುಕದಿದ್ದರೆ ಒಂದು ಸ್ಥಾಯಿ ಕೆಳಗೆ ಹಾಡಿ, ಅಂಕ ಕಡಿಮೆಯಾಗುವುದಿಲ್ಲ. ಆದರೆ ಸ್ಥಾಯಿ ಬದಲಿಸುವುದನ್ನು ಎರಡು ಸಾಲುಗಳ ನಡುವಿನ ಬಿಡುವಿನಲ್ಲಿ ಮಾಡಿ. ಸ್ವರದ ಮಧ್ಯದಲ್ಲಿ ಜಾರಿ ಇಳಿದರೆ ದಾರಿಯಲ್ಲಿ ಬರುವ ತಪ್ಪು ಸ್ವರಗಳೆಲ್ಲ ಲೆಕ್ಕಕ್ಕೆ ಸೇರುತ್ತವೆ.